ಝುಂಬರದ ಒಂಬತ್ತನೇ ಕೈ

ಹುಬ್ಬಳ್ಳ್ಯಾಗ ಮುಚ್ಚಿದ ಟಾಕೀಜಿನ ಹರಾಜಿನಾಗ
ನಮ್ಮ ಮಾವ ಹಿಡಿದು ತಂದದ್ದು.
ಗೋಣಿಚೀಲ ಸುತ್ತಿ, ಟೆಂಪೋದ ಹಿಂದ ತಾವೂ ಹತ್ತಿ ಕೂತು,
ಜ್ವರ ಬಂದ ಕೂಸಿನಂಗ ತೊಡಿ ಮ್ಯಾಲೆ ಇಟಗೊಂಡು.
ಹಿತ್ತಾಳಿ ಝುಂಬರ, ಒಂಬತ್ತು ಕೈ,
ಕೈಗೊಂದು ಗಾಜಿನ ಹೂವು, ಅಂಚಿಗೆ ತೆಳು ಗುಲಾಬಿ,
ಹೂವಿನಾಗ ನಲವತ್ತರ ಬಲ್ಬು.

ಬೆಟಗೇರಿಯ ಈ ಪಡಸಾಲಿ ತೊಲಿಗೆ ಅದು ಭಾರ,
ಬಿಲ್ಲಿಗೆ ಇನ್ನೂ ಭಾರ.
ಸೀರಿ ದಲಾಲರು ಬಂದರ ಹತ್ತೂದು,
ಬೀಗರು ಬಂದರ ಹತ್ತೂದು.
ನಾ ಸೇರಕ್ಕಿ ಒದ್ದು ಒಳಗ ಬಂದ ರಾತ್ರಿ
ಹತ್ತಿತ್ತು, ಇಪ್ಪತ್ತು ನಿಮಿಷ.
ಕಡೀ ನೆಂಟರು ಚಪ್ಪಲಿ ಹುಡುಕೂದ್ರೊಳಗ
ಅತ್ತಿ ಗುಂಡಿ ಒತ್ತಿದ್ರು.
ಆ ಬೆಳಕು ನೆನಪಿಲ್ಲ. ಕತ್ತಲಿ ನೆನಪೈತಿ.
ಉಳಿದ ದಿನ ನಾವು ಟ್ಯೂಬಲೈಟಿನ ಮಂದಿ.

ಈ ಬ್ಯಾಸಗಿಗೆ ಮೀಟರು ಇನ್ನೂರರ ಗೆರಿ ದಾಟಿ
ಪುಕ್ಕಟೆ ಅಂದದ್ದು ಪೂರಾ ಬಿಲ್ಲಾಗಿ ಬಂತು.
ಸ್ನೇಹಲ್ ಬೆರಳು ಮಡಚದ ಅಂದ್ಲು:
"ಒಂಬತ್ತು ನಲವತ್ತಲೆ ಮುನ್ನೂರಾ ಅರವತ್ತು.
ಒಂಬತ್ತು ನಾಕಲೆ ಮೂವತ್ತಾರು.
ಹೊಸಾವು ಒಂಬತ್ತೂ ಕೂಡಿ
ಹಳೇದೊಂದು ಉಣ್ಣುವಷ್ಟು ಉಣ್ಣೂದಿಲ್ಲ, ಅವ್ವಾ."
ಅತ್ತಿ ಅವಲಕ್ಕಿ ಆರಿಸಿಕೋತ ತಲಿ ಎತ್ತಲಿಲ್ಲ:
"ಹಚ್ಚಲಾರದ ದೀಪದಾಗ ಏನ ಉಳಸ್ತೀ, ಶಾಣ್ಯಾಕಿ?"

ಮೊದಲ ಸಲ ತಂದವು ದಪ್ಪ,
ಹೂವಿನ ಕೊಳ್ಳಾಗ ಇಳೀಲಿಲ್ಲ.
ಎರಡನೇ ಸಲ ತಂದವು ತಿರುಪಿನವು,
ನಮ್ಮ ಹೋಲ್ಡರು ಪಿನ್ನಿನವು.
ಸ್ಟೇಶನ್ ರಸ್ತೆಯ ಅಂಗಡಿಯಂವ ನನ್ನ ದೂರಿಂದ ಕಂಡ್ರ ನಗಾಕ ಹತ್ತಿದ.
ಮೂರನೇ ಸಲಕ್ಕ ಇಮಾಮಹುಸೇನ ಏಣಿ ಹೊತ್ತು ತಾನ ಬಂದ,
ಮೋಂಬತ್ತಿಯಂಗ ಸಣ್ಣಾವು ಎಂಟು ಕೂಡಿಸಿ
ಒಂಬತ್ತನೇ ಕೈಗೆ ನಿಂತ.

"ವೈನಿ, ಇದು ಬ್ಯಾರೆ ಮನೀದು.
ಯಾವಾಗೋ ಮುರದೈತಿ. ಯಾವುದೋ ಹೋಲ್ಡರ ತಂದು
ಬೆಸಿಗಿ ಹಾಕ್ಯಾರ. ಸಣ್ಣ ತಿರುಪು, ಈಗ ಸಿಗೂದಿಲ್ಲ.
ಕೆದಕಿದ್ರ ಕೈ ಕಳಚಿ ಕೈಗೇ ಬರತೈತಿ."

ಅತ್ತಿ ಮರ ಕೆಳಗಿಟ್ಟರು.
"ಟೆಂಪೋದಾಗ ಮುರದಿತ್ತು.
ನನಗ ತಿಳೀಬಾರದಂತ
ಗದಗಕ್ಕ ಇಳಿದು ಬೆಸಿಗಿ ಹಾಕಿಸ್ಕೊಂಡು
ಮೂರು ತಾಸು ತಡಾ ಮಾಡಿ ಬಂದ್ರು.
ರೈಲ್ವೆ ಗೇಟು ಹಾಕಿತ್ತು ಅಂದ್ರು.
ಅಂಗಿ ತುಂಬ ಸೀಸದ ವಾಸನಿ."
ಇಪ್ಪತ್ತಾರು ವರ್ಷ ಯಾರ ಮುಂದೂ ಆಡದ ಮಾತು,
ಏಣಿ ಮ್ಯಾಲಿನಂವಗ ಹೇಳಿದ್ರು.

ಹಿಂಗಾಗಿ ಎಂಟು ಬಿಳಿ, ಒಂದು ಹಳದಿ.
ಬಿಳಿಯಾಗ ಕಂಡದ್ದು: ತೊಲಿಯ ಗೆದ್ದಲ ದಾರಿ,
ಗಾಜಿನ ಹೂವಿನಾಗ ಸತ್ತ ಹುಳದ ಪುಡಿ,
ಕನ್ನಡಿ ತೋರಿಸದ ನನ್ನ ನಾಕು ಕೂದಲು.
ಅತ್ತಿ ಕುರ್ಚಿ ಹತ್ತಿ, ಬ್ಯಾಡ ಅನ್ನೂದ್ರಾಗ,
ಹೊಸಾದೊಂದರ ಹಂತೇಕ ಅಂಗೈ ಹಿಡಿದು ನೋಡಿದ್ರು.
"ಬೆಳಕೈತಿ. ಕಾವಿಲ್ಲ."
ಕುರ್ಚಿ ಎಳಕೊಂಡು ಒಂಬತ್ತನೇದರ ಬುಡಕ್ಕ ಹೋದ್ರು.
ಅಲ್ಲೇ ಈಗ ಅವರ ಜಾಗಾ.

ಮಗ್ಗದಿಂದ ಬಂದು ನಮ್ಮವರು ಸೆರಗು ಬಿಚ್ಚತಾರ,
ಬಿಳಿ ಕೆಳಗ ಒಮ್ಮಿ, ಹಳದಿ ಕೆಳಗ ಒಮ್ಮಿ.
ಎರಡರಾಗೂ ಕೆಂಪಾಗಿದ್ರ ಕೆಂಪು.
ಇಲ್ಲಂದ್ರ ಬಣ್ಣದಂವಗ ಫೋನು.

ಬಿಲ್ಲು ಬಂತು. ಹನ್ನೊಂದು ರೂಪಾಯಿ ಹೆಚ್ಚು.
ದಿನಾ ಹಚ್ಚಾಕ ಹತ್ತೇವಲ್ಲ!
ಸ್ನೇಹಲ್ ಮಗ್ಗಿ ತಿರುಗಿ ಹೇಳಿ ನೋಡಿದ್ಲು,
ಅತ್ತಿ ಹಲ್ಲಿನ ಸೆಟ್ಟು ಬೀಳುವಂಗ ನಕ್ಕರು.

ಮಲಗೂ ಹೊತ್ತಿಗೆ ಗುಂಡಿ ಒತ್ತಾಕಿ ನಾನ.
ಎಂಟು ಒಮ್ಮಿಗೇ ಹೋಗತಾವ.
ಒಂಬತ್ತನೇದರ ತಂತಿ
ಒಂದು ಉಸಿರಿನಷ್ಟು ಕೆಂಪಗ ನಿಂದರತೈತಿ.
ಅದು ಆರೂತನಕ ಅತ್ತಿ ಏಳೂದಿಲ್ಲ,
ನಾನೂ ಗುಂಡಿ ಮ್ಯಾಲಿನ ಬೆರಳು ತಗಿಯೂದಿಲ್ಲ.